ಸವಣೂರಿನಲ್ಲಿ ತಾನಾಗಿ ಓಡಿದ ವಿಡಿಯೋ

2022ರಲ್ಲಿ ನಾನು ಶಿಗ್ಗಾಂವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಅಂಗಡಿಗೆ ಹೆಚ್ಚಾಗಿ ಕೀಲಿಯೇ ಇರುತ್ತಿತ್ತು, ಏಕೆಂದರೆ ನನ್ನ ಕೆಲಸವೆಲ್ಲ ಊರೂರು ತಿರುಗುವುದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಒಟ್ಟು ನಲವತ್ತೊಂದು ಕಡೆ ವರ್ಷದ ಒಪ್ಪಂದದ ಮೇಲೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ: ದಲ್ಲಾಳಿ ಅಂಗಡಿಗಳು, ಶಾಲೆಗಳು, ಒಂದೆರಡು ದವಾಖಾನೆ, ಹೆಚ್ಚಿನವು ಆನ್‌ಲೈನ್ ಅರ್ಜಿ ತುಂಬುವ ಸೇವಾ ಕೇಂದ್ರಗಳು. ಓದಿದ್ದು ಐ.ಟಿ.ಐ. ಮಾತ್ರ. ಜನ ‘ಇಂಜಿನಿಯರ್ ಸಾಹೇಬ್ರ’ ಎನ್ನುತ್ತಿದ್ದರು, ನಾನೂ ಬೇಡ ಎನ್ನುತ್ತಿರಲಿಲ್ಲ.

ನಲವತ್ತೊಂದು ಕಡೆ ಒಬ್ಬನೇ ಓಡಾಡಬೇಕೆಂದರೆ ಅಡ್ಡದಾರಿ ಹುಡುಕಲೇಬೇಕು. ನನ್ನ ಅಡ್ಡದಾರಿ ಹೀಗಿತ್ತು. ಬ್ರೌಸರ್ ಎಂದರೆ ಇಂಟರ್‌ನೆಟ್ ಪುಟ ತೆರೆಯುವ ಸಾಫ್ಟ್‌ವೇರ್. ಅದರೊಳಗೆ ಒಂದು ಖಾತೆಯಿಂದ ಲಾಗಿನ್ ಆದರೆ, ಆ ಖಾತೆ ಇರುವ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಜೋಡಣೆ ತಾನಾಗಿ ಬಂದು ಕೂಡುತ್ತದೆ. ಇದಕ್ಕೆ ಸಿಂಕ್ ಎನ್ನುತ್ತಾರೆ. ನಾನು ನನ್ನದೇ ಒಂದು ಖಾತೆ ತೆರೆದು, ಪಾಸ್‌ವರ್ಡ್‌ಗಳು ಮಾತ್ರ ಹಂಚಿಹೋಗದಂತೆ ಮಾಡಿ, ಎಲ್ಲ ಗಿರಾಕಿಗಳ ಬ್ರೌಸರ್‌ನಲ್ಲೂ ಅದನ್ನೇ ಹಾಕಿದ್ದೆ. ಸರ್ಕಾರಿ ವೆಬ್‌ಸೈಟ್‌ಗಳ ಪಟ್ಟಿ, ಕನ್ನಡ ಟೈಪಿಂಗ್ ಸಾಧನ, ಎಲ್ಲವೂ ಒಮ್ಮೆ ಹಾಕಿದರೆ ನಾಲ್ಕು ತಾಲೂಕಿಗೆ ಮುಟ್ಟುತ್ತಿತ್ತು. ಇದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ, ನನ್ನ ತಲೆಯಿಂದ ಹೊಳೆದದ್ದು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ವರ್ಷ ಆಗಸ್ಟ್‌ನಲ್ಲಿ ಸವಣೂರಿನಿಂದ ಶಮೀಮ್ ಫೋನ್ ಮಾಡಿದಳು. ಮೂವತ್ತು ದಾಟಿದ ಹೆಣ್ಣುಮಗಳು, ಸೇವಾ ಕೇಂದ್ರ ನಡೆಸುತ್ತಿದ್ದಳು. ಒಂದು ತಿಂಗಳ ಹಿಂದೆ ಅವಳ ತಮ್ಮ ರಿಯಾಜ್ ವೀಳ್ಯದೆಲೆ ಸಾಗಿಸುವ ಗಾಡಿ ಪಲ್ಟಿಯಾಗಿ ತೀರಿಹೋಗಿದ್ದ. ನಾನು ಅಂತ್ಯಕ್ರಿಯೆಗೆ ಹೋಗಿರಲಿಲ್ಲ, ಎರಡು ದಿನ ಬಿಟ್ಟು ಹೋಗಿ ಮಾತಾಡಿಸಿ ಬಂದಿದ್ದೆ. ಕಂಪ್ಯೂಟರ್ ಕೆಟ್ಟಿರಬೇಕು ಎಂದುಕೊಂಡು ಹೋದರೆ ಅವಳು ಅಂಗಡಿಯ ಹೊರಗೇ ನಿಲ್ಲಿಸಿ ಮಾತಾಡಿದಳು.

“ಅಮ್ಮಿ ಒಳಗ ಕುಂತಾಳ್ರಿ. ಅದಕ್ಕ ಹೊರಗ ಹೇಳಾಕತ್ತೇನಿ.”

ವಿಷಯ ಹೀಗಿತ್ತು. ನಮ್ಮ ಭಾಗದ ಸುದ್ದಿ ಹಾಕುವ ಒಂದು ವೆಬ್‌ಸೈಟ್ ಇತ್ತು. ನೇಮಕಾತಿ ಪ್ರಕಟಣೆ, ಪರೀಕ್ಷೆಯ ಫಲಿತಾಂಶ, ಅರ್ಜಿಯ ಕೊನೆಯ ದಿನ, ಎಲ್ಲವೂ ಮೊದಲು ಅಲ್ಲೇ ಬರುತ್ತಿದ್ದವು. ಅದನ್ನು ದಿನಕ್ಕೆ ಹತ್ತು ಸಲ ತೆರೆಯದೆ ಶಮೀಮ್‌ಳ ಅಂಗಡಿ ನಡೆಯುವುದಿಲ್ಲ. ಆ ಸೈಟಿನ ಮೂಲೆಯಲ್ಲಿ ಒಂದು ಚಿಕ್ಕ ಚೌಕ. ಅತಿ ಹೆಚ್ಚು ಜನ ನೋಡಿದ ವಿಡಿಯೋಗಳು ಅದರಲ್ಲಿ ಒಂದಾದ ಮೇಲೊಂದು ತಾನಾಗಿ ಓಡುತ್ತಿದ್ದವು. ರಿಯಾಜ್‌ನ ಅಪಘಾತವನ್ನು ಯಾರೋ ಮೊಬೈಲ್‌ನಲ್ಲಿ ಹಿಡಿದಿದ್ದರು. ಅದೂ ಆ ಸಾಲಿನಲ್ಲಿತ್ತು. ಹುಡುಗ ನಾಲ್ಕು ನಿಮಿಷ ರಸ್ತೆಯ ಮೇಲೆ ಬಿದ್ದು ಕೈ ಎತ್ತುತ್ತಾನೆ, ಸುತ್ತ ಜನ ನಿಂತಿರುತ್ತಾರೆ. ತೆಗೆಯಿರಿ ಎಂದು ಅವಳು ಸೈಟಿನವರಿಗೆ ಮೂರು ಸಲ ಬರೆದಿದ್ದಳು. ಉತ್ತರವೇ ಇಲ್ಲ.

“ಅಮ್ಮಿಗೆ ಒಂದ ಕ್ಷಣದಾಗ ಜೀವ ಹೋತು, ತ್ರಾಸ ಆಗ್ಲಿಲ್ಲ ಅಂತ ಹೇಳೇವ್ರಿ. ಅದರ ಮ್ಯಾಲ ಆಕಿ ಉಸರಾಡಾಕತ್ತಾಳ. ಮನ್ಯಾಗ ಒಬ್ಬಾಕಿನ್ನ ಬಿಡಾಕ ಆಗೂದಿಲ್ಲ, ಅಂಗಡಿಗೆ ಕರಕೊಂಡ ಬರ್ತೇನಿ. ಆ ವಿಡಿಯೋ ಆಕಿ ಕಣ್ಣಿಗೆ ಬೀಳಬಾರದ್ರಿ ಸಾಹೇಬ್ರ. ಏನರ ಮಾಡ್ರಿ.”

ಒಳಗೆ ಅವಳ ತಾಯಿ ಹಾಜರಾಬಿ ಬೆಂಚಿನ ಮೇಲೆ ಕುಳಿತು, ಮಡಿಲಲ್ಲಿ ಒದ್ದೆ ಬಟ್ಟೆ ಹಾಸಿಕೊಂಡು ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುತ್ತಿದ್ದರು. ನನ್ನನ್ನು ನೋಡಿ “ಬರ್ರಿ, ಕುಂದರ್ರಿ” ಎಂದರು. ಕಂಪ್ಯೂಟರ್ ಪರದೆ ಅವರ ಎಡಕ್ಕೆ ಮೂರು ಮಾರು ದೂರದಲ್ಲಿತ್ತು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಸದ್ದು ಮಾಡುವ ವಿಡಿಯೋ ತಾನಾಗಿ ಓಡದಂತೆ ಈಗಿನ ಬ್ರೌಸರ್‌ಗಳು ತಾವೇ ತಡೆಯುತ್ತವೆ. ಸದ್ದಿಲ್ಲದ್ದನ್ನು ತಡೆಯುವುದಿಲ್ಲ. ಇದನ್ನರಿತ ಸೈಟಿನವರು ಮೊದಲು ವಿಡಿಯೋವನ್ನು ಮೂಕವಾಗಿ ಓಡಿಸುತ್ತಾರೆ. ನಾವು ಪುಟದಲ್ಲಿ ಎಲ್ಲಿಯಾದರೂ ಒಂದು ಕ್ಲಿಕ್ ಮಾಡಿದ ಕೂಡಲೇ ಸದ್ದು ಶುರುವಾಗುತ್ತದೆ. ಇಂಥದ್ದನ್ನು ತಡೆಯಲು ಎಕ್ಸ್‌ಟೆನ್ಷನ್ ಎಂಬ ಚಿಕ್ಕ ಪ್ರೋಗ್ರಾಂಗಳು ಸಿಗುತ್ತವೆ, ಬ್ರೌಸರ್‌ಗೆ ಜೋಡಿಸಿದರೆ ಸಾಕು. ನಾನು ಅಂಥದೊಂದನ್ನು ಜೋಡಿಸಿದೆ. ಪುಟವನ್ನು ಇಪ್ಪತ್ತು ಸಲ ತೆರೆದು ನೋಡಿದೆ. ಮೂಲೆಯ ಚೌಕ ಕಪ್ಪಗೆ ಸುಮ್ಮನಿತ್ತು. ಶಮೀಮ್ ನನಗೆ ಚಹಾ ತರಿಸಿ ಕೊಟ್ಟಳು.

ನಾಲ್ಕನೆಯ ದಿನ ಮತ್ತೆ ಫೋನ್ ಬಂತು. ವಿಡಿಯೋ ಓಡಿತ್ತು. ಪುಣ್ಯಕ್ಕೆ ತಾಯಿ ಆಗ ನಮಾಜ್‌ಗೆಂದು ಹಿಂದಿನ ಕೋಣೆಗೆ ಹೋಗಿದ್ದರಂತೆ. ಮಧ್ಯಾಹ್ನ ನಾನು ಹೋಗಿ ನೋಡುವ ಹೊತ್ತಿಗೆ ಎಕ್ಸ್‌ಟೆನ್ಷನ್ ಸರಿಯಾಗಿಯೇ ಇತ್ತು.

“ಮುಂಜಾನೆ ತಾನ ಬಂದ್ ಆಗಿತ್ರಿ. ನಾನ ಮತ್ತ ಚಾಲೂ ಮಾಡೇನಿ,” ಎಂದಳು.

ನಾನು ನಂಬಲಿಲ್ಲ. ಗಿರಾಕಿ ‘ನಾನೇನೂ ಮುಟ್ಟಿಲ್ಲ’ ಎಂದರೆ ಮುಟ್ಟಿದ್ದಾನೆ ಎಂದೇ ಅರ್ಥ. ಇದು ನಮ್ಮ ಕಸುಬಿನಲ್ಲಿ ಎಲ್ಲರೂ ನಂಬಿಕೊಂಡು ಬಂದ ಮಾತು. ಸೈಟಿನವರು ವಿಡಿಯೋ ಇಡುವ ರೀತಿ ಬದಲಿಸಿರಬೇಕು ಎಂದು ಅವಳಿಗೆ ಹೇಳಿ, ಇನ್ನೊಂದು ಎಕ್ಸ್‌ಟೆನ್ಷನ್ ಜೊತೆಗೆ ಹಾಕಿದೆ. ಮುಂದಿನ ವಾರ ಎರಡೂ ಸೇರಿ ಪುಟವನ್ನೇ ಹಾಳುಮಾಡಿದವು, ಫಲಿತಾಂಶದ ಪಟ್ಟಿಯೇ ತೆರೆಯಲಿಲ್ಲ. ಎರಡನೆಯದನ್ನು ತೆಗೆದೆ. ಬ್ರೌಸರ್ ಹೊಸದಾಗಿ ಹಾಕಿದೆ. ಕ್ಯಾಶೆ ಎಂದರೆ ಹಳೆಯ ಪುಟಗಳ ಉಳಿಕೆ, ಅದನ್ನೂ ಅಳಿಸಿದೆ. ವೈರಸ್ ಹುಡುಕಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಒಂದು ದಿನ ಸೈಟನ್ನು, ಇನ್ನೊಂದು ದಿನ ನೆಟ್‌ವರ್ಕನ್ನು ಬೈಯುತ್ತ ಕಾಲ ಕಳೆದೆ. ನಾನು ಮುಂದೆ ಕುಳಿತಿರುವಾಗ ಎಲ್ಲ ಸರಿ. ಮಾರನೆಯ ಮುಂಜಾನೆ ಮತ್ತೆ ಬಂದ್.

ಶಮೀಮ್ ಬೇರೆ ದಾರಿ ಕಂಡುಕೊಂಡಳು. ಬೆಳಿಗ್ಗೆ ಆ ಸೈಟ್ ತೆರೆಯುವ ಮುಂಚೆ ಪಟ್ಟಿಗೆ ಹೋಗಿ ಎಕ್ಸ್‌ಟೆನ್ಷನ್ ಚಾಲೂ ಇದೆಯೇ ನೋಡುವುದು, ತೆರೆದ ಮೇಲೆ ಪರದೆಯ ಮೂಲೆಗೆ ಒಂದು ಅರ್ಜಿ ನಮೂನೆಯ ಹಾಳೆ ಅಂಟಿಸುವುದು. ಗಿರಾಕಿಗಳು ನಗುತ್ತಿದ್ದರು. ಪರದೆ ಒಡೆದಿದೆಯೇ ಎಂದು ಕೇಳುತ್ತಿದ್ದರು. ಅವಳು ಹೌದು ಎನ್ನುತ್ತಿದ್ದಳು.

ಸೆಪ್ಟೆಂಬರ್‌ನ ಒಂದು ಸೋಮವಾರ ಬೆಳಿಗ್ಗೆ ನಾನು ಹಿರೇಕೆರೂರಿನಲ್ಲಿ ಗೋವಿನಜೋಳದ ಒಂದು ದಲ್ಲಾಳಿ ಅಂಗಡಿಗೆ ಹೋಗಿದ್ದೆ. ಪ್ರಿಂಟರ್‌ನ ಕೆಲಸ. ಅಲ್ಲಿಯ ಗುಮಾಸ್ತ ಬಸವಣ್ಣೆಪ್ಪ ಅರವತ್ತರ ಹತ್ತಿರದವರು, ನಿಧಾನದ ಮನುಷ್ಯ. ಪ್ರಿಂಟರ್ ಸರಿಯಾದ ಮೇಲೆ ನನ್ನನ್ನು ಕರೆದು ಕಂಪ್ಯೂಟರ್ ತೋರಿಸಿದರು.

“ಸಾಹೇಬ್ರ, ಇದರಾಗ ಏನ ಹೊಕ್ಕೈತಿ ನೋಡ್ರಿ. ಪ್ಯಾಟಿ ಧಾರಣಿ ಹೇಳೂ ವಿಡಿಯೋ ದಿನಾ ಹತ್ತೂವರಿಗೆ ತಾನ ಓಡ್ತಿತ್ತು. ಒಂದ ತಿಂಗಳಾತು, ಓಡವಲ್ದು. ನಮ್ಮ ಮಗಳು ಫೋನ್ಯಾಗ ಹೇಳಿಕೊಟ್ಟಾಳ, ಈ ಪಟ್ಟ್ಯಾಗಿನ ಗುಂಡಿ ಬಂದ್ ಮಾಡಿದ್ರ ಓಡತೈತಿ. ದಿನಾ ನಾ ಬಂದ್ ಮಾಡ್ತೇನಿ, ಮರುದಿನ ಮತ್ತ ಚಾಲೂ ಆಗಿ ಕುಂತಿರತೈತಿ.”

ಪಟ್ಟಿಯಲ್ಲಿ ಇದ್ದದ್ದು ಸವಣೂರಿನಲ್ಲಿ ನಾನು ಹಾಕಿದ್ದ ಎಕ್ಸ್‌ಟೆನ್ಷನ್. ಹಿರೇಕೆರೂರಿನಲ್ಲಿ ನಾನು ಅದನ್ನು ಹಾಕಿಯೇ ಇರಲಿಲ್ಲ. ನನ್ನ ಖಾತೆಯ ಮೂಲಕ ಅದು ತಾನಾಗಿ ನಲವತ್ತೊಂದು ಕಡೆಗೂ ಹೋಗಿ ಕುಳಿತಿತ್ತು. ಒಂದು ಕಡೆ ಬಂದ್ ಮಾಡಿದರೆ ಎಲ್ಲ ಕಡೆ ಬಂದ್, ಒಂದು ಕಡೆ ಚಾಲೂ ಮಾಡಿದರೆ ಎಲ್ಲ ಕಡೆ ಚಾಲೂ. ಉಳಿದ ಅಂಗಡಿಗಳವರು ಗಮನಿಸಿರಲಿಲ್ಲ. ಈ ಮನುಷ್ಯ ಮತ್ತು ಶಮೀಮ್, ಒಬ್ಬರನ್ನೊಬ್ಬರು ಕಂಡರಿಯದವರು, ತಿಂಗಳಿಡೀ ಒಂದೇ ಗುಂಡಿಯನ್ನು ಆ ಕಡೆ ಈ ಕಡೆ ಸರಿಸುತ್ತಿದ್ದರು.

“ಇವತ್ತ ಬಂದ್ ಮಾಡೀರೇನು?” ಎಂದೆ.

“ಈಗಷ್ಟ ಮಾಡೇನ್ರಿ.”

ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಶಮೀಮ್‌ಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಆರು ಸಲ ಮಾಡಿದ ಮೇಲೆ ಅವಳೇ ತಿರುಗಿ ಮಾಡಿದಳು. ಅಳು ಕೇಳಿಸಿತು, ಆಮೇಲೆ ಎರಡೇ ಮಾತು: “ಅಮ್ಮಿ ನೋಡಿದ್ಲು.”

ಹಾವೇರಿಗೆ ಬಸ್ ಹಿಡಿದು, ಅಲ್ಲಿಂದ ಸವಣೂರಿಗೆ ಹೋಗಿ ಇಳಿದಾಗ ಮಧ್ಯಾಹ್ನ ಎರಡು ದಾಟಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆಡಿಕೊಂಡಿದ್ದೆ. ‘ತಪ್ಪು ನನ್ನದು, ಶಮೀಮ್, ನಿನ್ನದಲ್ಲ.’ ಇಷ್ಟೇ ಸಾಕಿತ್ತು.

ನಡೆದದ್ದು ಸಣ್ಣ ಸಂಗತಿ. ಬೆಳಿಗ್ಗೆ ಎಕ್ಸ್‌ಟೆನ್ಷನ್ ಚಾಲೂ ಇರುವುದನ್ನು ನೋಡಿಯೇ ಶಮೀಮ್ ಸೈಟ್ ತೆರೆದಿದ್ದಳು. ಜೆರಾಕ್ಸ್ ಕಾಗದ ತೀರಿತ್ತೆಂದು ಎದುರಿನ ಅಂಗಡಿಗೆ ಹೋದಳು. ಅಷ್ಟರಲ್ಲಿ ಅಂಟಿಸಿದ್ದ ಹಾಳೆ ಉದುರಿತ್ತು. ಫಲಿತಾಂಶ ನೋಡಲು ಬಂದ ಯಾರೋ ಪುಟವನ್ನು ಮತ್ತೊಮ್ಮೆ ತೆರೆದು ಕ್ಲಿಕ್ ಮಾಡಿದರು. ಸದ್ದು ಬಂತು. ಹಾಜರಾಬಿ ಎಲೆಯಿಂದ ತಲೆ ಎತ್ತಿದರು. ಮಗನ ಅಂಗಿಯ ಗುರುತು ಹಿಡಿದರು. ಎದ್ದು ಪರದೆಯ ಹತ್ತಿರ ಹೋಗಿ ನಾಲ್ಕು ನಿಮಿಷವನ್ನೂ ನಿಂತೇ ನೋಡಿದರು.

ನಾನು ಹೋದಾಗ ಅಂಗಡಿಯಲ್ಲಿ ನೆರೆಯವರು ಇಬ್ಬರಿದ್ದರು. ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಒಂದು ಶಾಲೆಯ ಹೆಡ್‌ಮಾಸ್ತರರೂ ಇದ್ದರು. ಹಾಜರಾಬಿ ಅಳುತ್ತಿರಲಿಲ್ಲ. ನನ್ನನ್ನು ಕಂಡವರೇ ಕೇಳಿದರು.

“ಸಾಹೇಬ್ರ, ಇದಕ್ಕ ನೀವ ಕೀಲಿ ಹಾಕಿದ್ರಿ ಅಂತ ಈಕಿ ಹೇಳಾಕತ್ತಾಳ. ಖರೇನ?”

“ಹೌದ್ರಿ ಅಮ್ಮಾ, ಹಾಕಿದ್ದೆ.”

“ಆ ಕೀಲಿ ತಾನಾಗಿ ತೆರಿತೈತೇನು?”

ಹೆಡ್‌ಮಾಸ್ತರರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಶಾಲೆಯ ಹನ್ನೆರಡು ಕಂಪ್ಯೂಟರ್‌ಗಳಲ್ಲೂ ಅದೇ ಖಾತೆ ಇತ್ತು. ಎಲ್ಲರ ಕಂಪ್ಯೂಟರ್‌ಗೆ ಒಂದೇ ಖಾತೆ ಹಾಕಿದ್ದಾನೆ ಎಂಬ ಮಾತು ಸಂಜೆಯೊಳಗೆ ನಾಲ್ಕು ತಾಲೂಕು ಸುತ್ತುತ್ತದೆ ಎಂದು ನನಗೆ ಹೊಳೆಯಿತು. ನಾನು ಹೆದರಿದೆ.

“ತಾನಾಗಿ ತೆರೆಯೂದಿಲ್ರಿ ಅಮ್ಮಾ,” ಎಂದೆ. “ಯಾರರ ಕೈ ಹಚ್ಚಿದ್ರನ ಆಗೂದು.”

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೈ ಹಚ್ಚಿದವರು ಹಿರೇಕೆರೂರಿನಲ್ಲಿದ್ದಾರೆ ಎಂಬುದನ್ನಷ್ಟೇ ಹೇಳಲಿಲ್ಲ.

ಹಾಜರಾಬಿ ಮಗಳ ಕಡೆ ತಿರುಗಿದರು. “ಒಂದ ಕ್ಷಣದಾಗ ಹೋದ ಅಂತ ಸುಳ್ಳ ಹೇಳಿದಿ. ಅದು ನನ್ನ ಸಲುವಾಗಿ, ತಿಳಿತೈತಿ. ಈ ಕೀಲಿ ಗೊತ್ತಿದ್ದಾಕಿ ಇಲ್ಲೆ ನೀ ಒಬ್ಬಾಕಿನ. ಆದ್ರ ನಿನ್ನ ತಮ್ಮ ಸಾಯೂದನ್ನ ಇಲ್ಲೆ ಕುಂತು, ಗಿರಾಕಿಗೋಳ ಮುಂದ ಹಚ್ಚಿ ನೋಡತಿದ್ದೇನ? ಅದಕ್ಕ ಮೂಲಿಗೆ ಹಾಳಿ ಮುಚ್ಚತಿದ್ದೇನ, ನಾ ನೋಡಬಾರದಂತ?”

“ಇಲ್ಲ ಅಮ್ಮಿ, ಖುದಾನ ಆಣಿ, ನಾ ಬಂದ್ ಮಾಡಿಲ್ಲ,” ಎಂದಳು ಶಮೀಮ್. ಆಮೇಲೆ ನನ್ನನ್ನು ನೋಡಿದಳು. ನಾನು ಬ್ಯಾಗಿನ ಜಿಪ್ ಎಳೆಯುತ್ತಿದ್ದೆ.

ಅದೇ ವಾರ ಹಾಜರಾಬಿ ಬಂಕಾಪುರದಲ್ಲಿದ್ದ ಅಣ್ಣನ ಮನೆಗೆ ಹೋದರು. ನಾನು ಮುಂದಿನ ಒಂಬತ್ತು ದಿನ ನಾಲ್ಕು ತಾಲೂಕು ತಿರುಗಿ ಎಲ್ಲ ಕಂಪ್ಯೂಟರ್‌ಗಳಿಂದ ನನ್ನ ಖಾತೆ ಕಿತ್ತು, ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಟ್ಟೆ. ಕೇಳಿದವರಿಗೆ ಸುರಕ್ಷತೆಗಾಗಿ ಎಂದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಶಮೀಮ್‌ಳ ಕಂಪ್ಯೂಟರ್‌ನಲ್ಲಿ ಎಕ್ಸ್‌ಟೆನ್ಷನ್ ಅಂದಿನಿಂದ ಒಮ್ಮೆಯೂ ಕೈಕೊಟ್ಟಿಲ್ಲ. ಕಾರಣವೇನಿತ್ತು ಎಂದು ಅವಳು ಕೇಳಿದಾಗ “ಸೈಟಿನವರದ ದೋಷ” ಎಂದುಬಿಟ್ಟೆ.

ಎರಡು ವರ್ಷ ಅವಳು ಪ್ರತಿ ಶುಕ್ರವಾರ ಬಂಕಾಪುರಕ್ಕೆ ಹೋಗಿ ಬರುತ್ತಿದ್ದಳೆಂದು ಬೇರೆಯವರಿಂದ ಕೇಳಿದೆ. ತಾಯಿ ಅವಳು ತಂದ ಊಟ ಉಣ್ಣುತ್ತಿದ್ದರಂತೆ, ಮಾತಾಡುತ್ತಿರಲಿಲ್ಲವಂತೆ. ಈ ಸುದ್ದಿ ಕೇಳಿದಾಗಲೆಲ್ಲ ಮುಂದಿನ ವಾರ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಮುಂದಿನ ವಾರ ಯಾವುದೋ ಪ್ರಿಂಟರ್ ಕೆಟ್ಟಿರುತ್ತಿತ್ತು. 2024ರ ಚಳಿಗಾಲದಲ್ಲಿ ಹಾಜರಾಬಿ ತೀರಿಕೊಂಡರು.

ನಲವತ್ತು ದಿನ ಕಳೆದ ಮೇಲೆ ಸವಣೂರಿಗೆ ಹೋದೆ. ಅಂಗಡಿಯಲ್ಲಿ ಶಮೀಮ್ ಒಬ್ಬಳೇ ಇದ್ದಳು. ನನ್ನ ಖಾತೆ, ಹಿರೇಕೆರೂರಿನ ಗುಂಡಿ, ಅಂದು ಅವಳ ತಾಯಿಯ ಎದುರು ನಾನು ನುಂಗಿಕೊಂಡ ಮಾತು, ಎಲ್ಲವನ್ನೂ ಬಿಡದೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

“ನಾ ಬಂದ್ ಮಾಡಿಲ್ಲಂತ ನನಗ ಗೊತ್ತಿತ್ತಲ್ರಿ ಸಾಹೇಬ್ರ,” ಎಂದಳು. “ಗೊತ್ತಾಗಬೇಕಾದಾಕಿ ಬಂಕಾಪುರದಾಗ ಮಣ್ಣಾಗ ಮಲಗ್ಯಾಳ. ಆಕಿಗೆ ಹೋಗಿ ಹೇಳ್ರಿ.”

ನಾನು ಎದ್ದು ಬಂದೆ. ಕೆಟ್ಟ ಕಂಪ್ಯೂಟರ್ ಎಷ್ಟು ದಿನ ಬೇಕಾದರೂ ಕಾಯುತ್ತದೆ, ಇವತ್ತಲ್ಲದಿದ್ದರೆ ನಾಳೆ ರಿಪೇರಿಯಾಗುತ್ತದೆ. ಮೂವತ್ತು ವರ್ಷ ಅದನ್ನೇ ಮಾಡಿದವನಾದ್ದರಿಂದ ಮನುಷ್ಯರೂ ಕಾಯುತ್ತಾರೆ ಎಂದುಕೊಂಡಿದ್ದೆ. ತಪ್ಪನ್ನು ಯಾರ ಎದುರು ಮಾಡಿದೆವೋ ಅವರ ಎದುರೇ ಒಪ್ಪಿಕೊಳ್ಳಬೇಕು, ಅದೂ ಅವರು ಇನ್ನೂ ಕೇಳಿಸಿಕೊಳ್ಳುವಂತಿರುವಾಗ. ನನಗೆ ಅದಕ್ಕೆ ಎರಡು ವರ್ಷ ಸಮಯವಿತ್ತು, ಮತ್ತು ಶಿಗ್ಗಾಂವಿಯಿಂದ ಬಂಕಾಪುರ ಬಹಳ ದೂರವೇನಲ್ಲ.