ಅಮ್ಮತ್ತಿಯ ಕಾಫಿ ಒಲೆಗೆ ಗ್ಯಾಸು

ವಿರಾಜಪೇಟೆಯ ಬಸ್ಸು ಮಂಗಳೂರಿನಿಂದ ಬೆಳಿಗ್ಗೆ ಆರೂವರೆಗೆ ಹೊರಟಿತು. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಕಿಟಕಿಯ ಸೀಟು ಸಿಗುವುದೇ ಪುಣ್ಯ, ಅದು ನನಗೆ ಸಿಕ್ಕಿತು. ಶೂನ್ಯ ರೂಪಾಯಿಯ ಟಿಕೆಟನ್ನು ಜೋಪಾನವಾಗಿ ಪರ್ಸಿಗೆ ಹಾಕಿಕೊಂಡೆ. ಕಾಲಡಿಯ ಚೀಲದಲ್ಲಿ ಸ್ಪ್ಯಾನರ್, ಪ್ರೆಷರ್ ಗೇಜು, ಸೋಪಿನ ಪುಡಿ. ಬೇಕರಿ, ಗೋಡಂಬಿ ಕಾರ್ಖಾನೆಗಳ ಸೌದೆ ಒಲೆ ತೆಗೆಸಿ ನೈಸರ್ಗಿಕ ಅನಿಲದ ಬರ್ನರ್ ಕೂರಿಸುವುದು ನನ್ನ ಕೆಲಸ. ಈ ಸಲದ ಕೆಲಸ ಅಮ್ಮತ್ತಿಯ ಒಂದು ಕಾಫಿ ಹುರಿಯುವ ಕಾರ್ಖಾನೆಯಲ್ಲಿತ್ತು. ಬೇರೆಯವರನ್ನು ಕಳಿಸಿ ಎಂದು ಆಫೀಸಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ.

ಕಾರಣ ನನ್ನ ಅಕ್ಕ ಸರೋಜ. ಇಪ್ಪತ್ತು ವರ್ಷ ಅಮ್ಮತ್ತಿಯ ಶಾಲೆಯಲ್ಲಿ ಟೀಚರಾಗಿದ್ದವಳು ತಿಂಗಳಿಗೊಮ್ಮೆ ಅದೇ ಕಾರ್ಖಾನೆಯಿಂದ ಅರ್ಧ ಕಿಲೋ ಕಾಫಿ ಪುಡಿ ಕಟ್ಟಿಸಿ ವಿರಾಜಪೇಟೆಯಲ್ಲಿ ಮಂಗಳೂರು ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದಳು. ಸಂಜೆ ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯಬೇಕು. "ಯಾರು ಕಳಿಸಿದ್ದು?" ಎಂದು ಕಂಡಕ್ಟರು ಕೇಳಿ, ಉತ್ತರ ಸರಿ ಬಂದರೆ ಪೊಟ್ಟಣ ನನ್ನದು. ಕಪ್ಪಗೆ ಹುರಿದ, ಹೊಗೆಯ ವಾಸನೆ ಹತ್ತಿದ ಪುಡಿ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು, ಆ ಕಾಫಿ ಕುಡಿದೂ ಅಷ್ಟೇ ಆಯಿತು. ಈಗ ಆ ಹೊಗೆಯನ್ನು ನಿಲ್ಲಿಸಲು ನಾನೇ ಹೊರಟಿದ್ದೆ. ನಿಲ್ಲಿಸುವ ಮೊದಲು ಒಂದು ಲೋಟ ಕುಡಿಯಬೇಕೆಂಬ ಆಸೆ ದಾರಿಯುದ್ದಕ್ಕೂ ಕಾಡುತ್ತಿತ್ತು.

ಸಂಪಾಜೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದರು. ಬಿಸಿ ಬನ್ಸ್, ಸಪ್ಪೆ ಚಹಾ, ಸಣ್ಣ ಮಳೆ. ಘಾಟಿ ಹತ್ತಲು ಶುರುಮಾಡಿದ ಮೇಲೆ ಬಸ್ಸು ಆಮೆಯಾಯಿತು. ಮುಂದೆ ಸಾಲು ಸಾಲು ಸಿಲಿಂಡರ್ ಹೊತ್ತ ಒಂದು ಲಾರಿ ತೆವಳುತ್ತಿತ್ತು. ದಾರಿ ಬಿಡಲು ಅದಕ್ಕೆ ಜಾಗವಿಲ್ಲ, ಹಿಂದಿಕ್ಕಲು ನಮಗೆ ಜಾಗವಿಲ್ಲ.

"ಯಾರ ಮದುವೆ ಊಟಕ್ಕೆ ಹೋಗ್ತಾ ಉಂಟೋ ಈ ಗ್ಯಾಸು!" ಎಂದು ಕಂಡಕ್ಟರು ಹಣೆ ಚಚ್ಚಿಕೊಂಡರು. "ಇವತ್ತು ಮಡಿಕೇರಿ ಕಂಡ ಹಾಗೇ ಮಾರಾಯ್ರೆ."

ಬಸ್ಸಿಡೀ ಲಾರಿಗೆ ಶಾಪ ಹಾಕಿತು. ಅದು ನನ್ನ ಕೆಲಸಕ್ಕೇ ಹೊರಟ ಲಾರಿಯೆಂದು ನಂಬರ್ ನೋಡಿದ ಕೂಡಲೇ ಗೊತ್ತಾಗಿತ್ತು. ನಾನು ಕಿಟಕಿಯಾಚೆಯ ಮಂಜು ನೋಡುತ್ತ ಕುಳಿತೆ.

ವಿರಾಜಪೇಟೆಯಲ್ಲಿ ಇಳಿದು, ಹದಿನೈದು ರೂಪಾಯಿ ಕೊಟ್ಟು ಖಾಸಗಿ ಬಸ್ಸಿನಲ್ಲಿ ಅಮ್ಮತ್ತಿ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಕಾರ್ಖಾನೆಯ ಒಲೆ ತಣ್ಣಗಿತ್ತು. ಬೂದಿಯನ್ನೂ ಬಳಿದಿದ್ದರು, ಸೌದೆ ಕೊಟ್ಟಿಗೆ ಖಾಲಿ. ಕಾಫಿ ಹುರಿಯುವ ಮೊಯ್ದು ಕಾಕ ನನ್ನ ಪತ್ರವನ್ನೇ ತೆಗೆದು ತೋರಿಸಿದರು. "ನೀವೇ ಬರ್ದದ್ದಲ್ವಾ ಮೇಡಂ? ನೀವು ಬರುವಾಗ ಒಲೆ ಆರಿರಬೇಕು, ಸೌದೆ ಇರಬಾರದು ಅಂತ. ಕಡೇ ಬ್ಯಾಚ್ ಬೆಳಿಗ್ಗೆನೇ ಮುಗ್ಸಿದೆ."

ಸುರಕ್ಷತೆಯ ನಿಯಮವೆಂದು ಎಲ್ಲರಿಗೂ ಕಳಿಸುವ ಪತ್ರ ಅದು. ಇಲ್ಲಿಗೆ ಕಳಿಸುವಾಗಲೂ ಕಣ್ಣುಮುಚ್ಚಿ ಸಹಿ ಹಾಕಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಬೆಳಗಿನ ಪುಡಿಯಲ್ಲೇ ಕಾಕ ಕಾಫಿ ಮಾಡಿಕೊಟ್ಟರು. ಹೊಗೆ ಇತ್ತು, ಆದರೆ ರುಚಿ ಬೇರೆ. "ಇದು ನಮ್ಮಕ್ಕ ಕಳಿಸ್ತಿದ್ದ ಕಾಫಿಯಲ್ಲ" ಎಂದೆ. ಯಾವ ಅಕ್ಕ ಎಂದು ಕೇಳಿದರು. ಹೆಸರು ಹೇಳಿದೆ.

ಕಾಕ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಯಾ ಅಲ್ಲಾ, ನೀನು ಟೀಚರ್ ತಂಗಿಯಾ ಮೋಳೆ?" ಮೇಡಂ ಆಗಿದ್ದವಳು ಈಗ ಮಲಯಾಳದ ಮೋಳೆ, ಅಂದರೆ ಮಗಳು, ಆಗಿದ್ದೆ. "ಅದು ಅಂಗಡಿಗೆ ಹೋಗುವ ಕಾಫಿ ಅಲ್ಲ. ಬೀಜ ಎರಡನೇ ಸಲ ಸಿಡಿಯುವ ತನಕ ಕರ್ರಗೆ ಹುರೀಬೇಕು ಅಂತ ಟೀಚರ್ ಇಲ್ಲೇ ನಿಂತಿರ್ತಿದ್ರು. ಅವರು ಕುಡಿಯೋದು ತೆಳು ಕಾಫಿ. ಇದೆಂತಕ್ಕೆ ಟೀಚರೇ ಅಂದ್ರೆ, ನನ್ನ ತಂಗಿಗೆ ಸುಟ್ಟ ಕಾಫಿನೇ ಇಷ್ಟ ಅಂತಿದ್ರು."

ನನಗೆ ಸುಟ್ಟ ಕಾಫಿ ಎಂದೂ ಇಷ್ಟವಿರಲಿಲ್ಲ. ಚಿಕ್ಕಂದಿನಲ್ಲಿ ಶನಿವಾರಸಂತೆಯ ನಮ್ಮ ಮನೆಯಲ್ಲಿ ಅಕ್ಕ ಒಮ್ಮೆ ಕಾಫಿ ಬೀಜ ಹುರಿಯುತ್ತ ಕತೆಪುಸ್ತಕದಲ್ಲಿ ಮುಳುಗಿ ಬಾಣಲೆ ಪೂರ್ತಿ ಕರಿ ಮಾಡಿದ್ದಳು. ಅಮ್ಮನ ಕೈಗೆ ಸೌಟು ಬಂದಿತ್ತು. ಅಕ್ಕನನ್ನು ಉಳಿಸಲು ನಾನು, "ಬೈಬೇಡ ಕಣಮ್ಮ, ನಂಗೆ ಹಿಂಗೇ ಇಷ್ಟ" ಎಂದು ಎರಡು ಲೋಟ ಕುಡಿದಿದ್ದೆ. ಅವಳು ಅದನ್ನು ನಂಬಿಬಿಟ್ಟಳು. ಸುಟ್ಟ ಕಾಫಿ ಅವಳಿಗೇ ಇಷ್ಟವೆಂದು ನಾನು ನಂಬಿ, ಇಪ್ಪತ್ತು ವರ್ಷ ಕುಡಿದು ಅದನ್ನೇ ಅಭ್ಯಾಸ ಮಾಡಿಕೊಂಡೆ. ಅಕ್ಕ ಇದ್ದಿದ್ದರೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಕಾಕನ ಮುಂದೆ ಅತ್ತುಬಿಟ್ಟೆ.

ಅಷ್ಟರಲ್ಲಿ ಲಾರಿಯೂ ಬಂತು. ಸಂಜೆಯೊಳಗೆ ಪೈಪು ಜೋಡಿಸಿ, ಒತ್ತಡದ ಗಾಳಿ ತುಂಬಿ, ಸೋರಿಕೆಯಿದೆಯೇ ಎಂದು ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಿದೆ. ಗುಳ್ಳೆ ಏಳಲಿಲ್ಲ. ಅಲ್ಲೇ ಒಂದು ಲಾಡ್ಜಿನಲ್ಲಿ ಉಳಿದು ಮರುದಿನ ಬೆಳಿಗ್ಗೆ ಗ್ಯಾಸ್ ಬಿಟ್ಟೆ. ಸಿಲಿಂಡರಿನ ಒತ್ತಡ ಇಳಿಯುವ ಕಡೆ ಗ್ಯಾಸು ತಣ್ಣಗಾಗಿ ಪೈಪಿನ ಮೇಲೆ ಬಿಳಿ ಹಿಮ ಕಟ್ಟುತ್ತದೆ, ಅದಕ್ಕೆ ಬಿಸಿನೀರಿನ ಕವಚ ಬೇಕು. ಕಾಕ ಆ ಹಿಮ ಮುಟ್ಟಿ, "ಬೆಂಕಿ ಬರುವ ದಾರೀಲಿ ಐಸಾ?" ಎಂದು ನಕ್ಕರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಅಂಗಡಿಗಳಿಗೆ ಹೋಗುವ ಹದದಲ್ಲಿ ತೊಂದರೆ ಬರಲಿಲ್ಲ, ಮೊದಲ ಸಿಡಿತಕ್ಕೆ ಸದ್ದು ಜೋರು. ಆಮೇಲೆ ಅಕ್ಕನ ಹದದಲ್ಲೂ ಹುರಿಯೋಣವೆಂದೆ. ಅದರ ಎರಡನೇ ಸಿಡಿತ ಬಹಳ ಮೆಲ್ಲಗೆ. ಬರ್ನರಿನ ಗಾಳಿ ಫ್ಯಾನಿನ ಗದ್ದಲದಲ್ಲಿ ಅದು ಕೇಳಲೇ ಇಲ್ಲ. ಐದು ಕಿಲೋ ಬೀಜ ಇದ್ದಿಲಾಯಿತು.

"ನಂಗೆ ಕಿವಿನೇ ಗಡಿಯಾರ ಮೋಳೆ. ಈ ಮಿಷನ್ ಕಿವಿಗೆ ಹತ್ತಿ ತುರುಕಿದ ಹಾಗೆ ಉಂಟು" ಎಂದು ಕಾಕ ಎದ್ದು ಹೊರಟರು.

"ಇನ್ನೊಂದು ಸಲ ಹುರಿಯೋಣ ಕಾಕ. ನೀವು ಕೈ ಎತ್ತಿದ ಕೂಡಲೇ ನಾನು ಬರ್ನರ್ ಆರಿಸ್ತೀನಿ, ಫ್ಯಾನು ನಿಲ್ಲಿಸ್ತೀನಿ. ನೀವು ಕೇಳಿಸ್ಕೊಳ್ಳಿ."

ಹಾಗೇ ಮಾಡಿದೆವು. ಎರಡು ಸಲ ಕಾಕ ಕೈ ಎತ್ತಿದರು, ಕಿವಿ ಒಡ್ಡಿದರು, ತಲೆಯಾಡಿಸಿದರು. ನಾನು ಮತ್ತೆ ಉರಿ ಹೊತ್ತಿಸಿದೆ. ಮೂರನೆಯ ಸಲ ಫ್ಯಾನು ನಿಂತಾಗ ಡ್ರಮ್ಮಿನೊಳಗಿಂದ ಚಿಟಿಚಿಟಿ ಕೇಳಿಸಿತು. "ಇದೇ!" ಎಂದು ಕಾಕ ಬೀಜ ಹೊರಗೆ ಸುರಿದರು. ಆ ಗಳಿಗೆಯ ಉಷ್ಣತೆಯನ್ನು ಮಿಷನ್ನಿನಲ್ಲಿ ನಮೂದಿಸಿದೆ. ಇನ್ನು ಮುಂದೆ ಆ ಹದಕ್ಕೆ ಅದು ತಾನೇ ನಿಲ್ಲುತ್ತದೆ. ಬಣ್ಣ ಅಕ್ಕನ ಕಾಫಿಯದೇ. ಮೂಗಿನ ಹತ್ತಿರ ಹಿಡಿದು ನೋಡಿದೆ, ಹೊಗೆ ಮಾತ್ರ ಇರಲಿಲ್ಲ. ಅದು ಇನ್ನು ಯಾವತ್ತೂ ಇರುವುದಿಲ್ಲ, ಅದನ್ನು ತೆಗೆದವಳು ನಾನೇ.

ಹೊರಡುವಾಗ ಪುಡಿ ಕೇಳಿದೆ. "ಬಿಸಿಬಿಸಿ ಕಟ್ಟಿದ್ರೆ ಬೆವರ್ತದೆ. ನೀನು ಹೋಗು, ಮುಂದಿನ ಬಸ್ಸಲ್ಲಿ ಹಾಕ್ತೇನೆ" ಎಂದು ಕಾಕ ಕೈಬೀಸಿದರು.

ವಿರಾಜಪೇಟೆಯಿಂದ ಹನ್ನೊಂದಕ್ಕೆ ಹೊರಟ ಬಸ್ಸು ನನ್ನನ್ನು ನಾಲ್ಕೂವರೆಗೆ ಮಂಗಳೂರಿನಲ್ಲಿ ಇಳಿಸಿತು. ಬಿಸಿಲಿಗೆ ಬೆವರುತ್ತ, ಹಿಂದೆಲ್ಲ ಕಾಯುತ್ತಿದ್ದ ಅದೇ ಕಂಬದ ಹತ್ತಿರ ಒಂದು ಗಂಟೆ ನಿಂತೆ. ಮುಂದಿನ ಬಸ್ಸು ಬಂತು. ಕಂಡಕ್ಟರು ಹೊಸಬರು. ಕಾಗದದ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು, "ಯಾರು ಕಳಿಸಿದ್ದು ಹೇಳಿ" ಎಂದರು.

ಮೊಯ್ದು ಕಾಕ ಎನ್ನಬೇಕಿತ್ತು. ಬಾಯಿಗೆ ಬಂದದ್ದು, "ನಮ್ಮಕ್ಕ, ಅಮ್ಮತ್ತಿಯಿಂದ. ಸರೋಜ ಟೀಚರ್."

ಅವರು ಪೊಟ್ಟಣದ ಮೇಲಿನ ಬರಹ ಓದಿದರು.

"ಹೌದು, ಟೀಚರ್ ಅಂತಲೇ ಬರ್ದಿದ್ದಾರೆ" ಎಂದು ನನ್ನ ಕೈಗೆ ಕೊಟ್ಟರು.