ಬಾಯಿ ಬಿಡದ ಥರ್ಮೋಸ್ಟಾಟ್

ನನ್ನ ಕಾರು ಮುಂಬೈ ಬಳಿಯ ಐರೋಲಿ ಸೇತುವೆಯ ಮೇಲೆ ಹಬೆ ಬಿಟ್ಟು ನಿಂತ ದಿನ ಹಿಂದಿನ ಸೀಟಿನಲ್ಲಿ ಅತ್ತೆ ಇದ್ದರು. ಅವರ ಮೊಣಕಾಲಿನ ಆಪರೇಶನ್ ಆಗಿ ಎರಡು ತಿಂಗಳಾಗಿತ್ತು. ರೈಲು ಸ್ಟೇಶನ್ನಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲವಾದ್ದರಿಂದ, ವಾರಕ್ಕೆ ಎರಡು ಸಲ ಕೋಪರಿಯ ಕ್ಲಿನಿಕ್ಕಿಗೆ ವ್ಯಾಯಾಮಕ್ಕೆಂದು ನಾನೇ ಕರೆದೊಯ್ಯುತ್ತಿದ್ದೆ. ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಬೇಕೆಂದು ಅವರಿಗೆ ಎಂದೂ ಅನಿಸಿದ್ದಿಲ್ಲ. ಕಾರು ನನ್ನದು. ಠಾಣೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ದುಡಿದು, ನನ್ನ ಸಂಬಳದಲ್ಲೇ ಕೊಂಡ ಸೆಕೆಂಡ್‌ಹ್ಯಾಂಡ್ ಕಾರು.

ಇಂಜಿನ್ನಿನ ಬಿಸಿ ತೋರಿಸುವ ಗೇಜಿನ ಮುಳ್ಳು ಕೆಂಪಿಗೆ ಹೋಗಿತ್ತು. ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಯಾವ ಮುಚ್ಚಳವನ್ನೂ ಮುಟ್ಟದೆ ಕಾದೆ. ಹಬೆ ಇಳಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಇಂಜಿನ್ ಹತ್ತಿರ ಕೈ ಒಯ್ಯಲೂ ಆಗದಷ್ಟು ಕಾದಿತ್ತು. ಅಲ್ಲಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪು ಮಾತ್ರ ತಣ್ಣಗಿತ್ತು. ಅಂದರೆ ಬಿಸಿನೀರು ತಣ್ಣಗಾಗಲು ಅತ್ತ ಹೋಗುತ್ತಲೇ ಇಲ್ಲ. ನಡುವೆ ಇರುವ ಬಾಗಿಲು ಥರ್ಮೋಸ್ಟಾಟ್. ನೀರು ಕಾದಾಗ ತಾನಾಗಿ ತೆರೆದುಕೊಳ್ಳಬೇಕಾದ ಪುಟ್ಟ ಲೋಹದ ಬಿಲ್ಲೆ ಅದು. ಪ್ರಯೋಗಾಲಯದಲ್ಲಿ ನೀರು ಕಾಯಿಸುವ ಪೆಟ್ಟಿಗೆಗಳಲ್ಲಿ ಅದರದೇ ಕೆಲಸ ಮಾಡುವ ಭಾಗಗಳನ್ನು ನಾನು ಎಷ್ಟೋ ಸಲ ಬದಲಿಸಿದ್ದೇನೆ.

ಕಾರನ್ನು ಎಳೆಸಿಕೊಂಡು ಹೋದದ್ದು ವಿಜಯಪುರದ ಕಡೆಯವನೊಬ್ಬನ ಗ್ಯಾರೇಜಿಗೆ. ಕನ್ನಡದವನು, ಹೇಳಿದ್ದನ್ನು ಕೇಳಿಸಿಕೊಂಡಾನು ಎಂದುಕೊಂಡಿದ್ದೆ. ಪೈಪು ತಣ್ಣಗಿದ್ದ ವಿಷಯ ಹೇಳಿ, ಮೊದಲು ಥರ್ಮೋಸ್ಟಾಟ್ ನೋಡಿ ಎಂದೆ. ಅವನು ತಲೆ ಎತ್ತದೆ, "ಇಂಜಿನ್ ಕೆಲಸ ಐತ್ರಿ ಮೇಡಮ್, ನಿಮಗ ತಿಳಿಯಂಗಿಲ್ಲ. ಸಾಹೇಬರ ನಂಬರ್ ಕೊಡ್ರಿ, ಅವರ ಜೋಡಿ ಮಾತಾಡ್ತೀನಿ," ಅಂದ. ಕೊಟ್ಟೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಸಂಜೆ ಅವನು ಗಂಡನಿಗೆ ಫೋನು ಮಾಡಿ, ಇಡೀ ಇಂಜಿನ್ ಬಿಚ್ಚಬೇಕು ಎಂದನಂತೆ. ಕ್ಲಚ್ ಯಾವುದು ಬ್ರೇಕ್ ಯಾವುದು ತಿಳಿಯದ ಇವರು ಎಲ್ಲದಕ್ಕೂ ಹೂಂ ಎಂದು, ಊಟಕ್ಕೆ ಕೂತಾಗ ನನಗೆ ಕಾರು ಮಾರಿಬಿಡುವ ಸಲಹೆ ಕೊಟ್ಟರು. ಟ್ಯಾಕ್ಸಿ ಕರೆದರೆ ಆಯಿತಲ್ಲ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನ್ನ ಕಾರಿನ ಬಗ್ಗೆ ಇಬ್ಬರು ಗಂಡಸರು ಮಾತಾಡಿ ಮುಗಿಸಿದ್ದರು. ಒಬ್ಬ ತೆರೆದು ನೋಡಿರಲಿಲ್ಲ; ಇನ್ನೊಬ್ಬರಿಗೆ ತೆರೆಯಲಿಕ್ಕೇ ಬರುತ್ತಿರಲಿಲ್ಲ.

ಮಾರುವುದಿಲ್ಲ, ಭಾನುವಾರ ನಾನೇ ಬಿಚ್ಚುತ್ತೇನೆ ಎಂದೆ. ಹಾಳು ಮಾಡಿದರೆ ಏನು ಗತಿ ಎಂದು ಕೇಳಿದರು.

"ಹಾಳಾಗಿದೆ ಅಂತಲೇ ಅಲ್ವಾ ಅವ ಹೇಳಿದ್ದು? ಮತ್ತೆ ನಾನು ಹಾಳು ಮಾಡ್ಲಿಕ್ಕೆ ಎಂತ ಉಂಟು ಅದರಲ್ಲಿ?"

ಅತ್ತೆ ಅನ್ನ ಕಲಸುತ್ತಾ ನಕ್ಕರು.

ಮರುದಿನ ಕಾರನ್ನು ಎಳೆಸಿ ನಮ್ಮ ಕಟ್ಟಡದ ಪಾರ್ಕಿಂಗಿಗೆ ತಂದೆ. ಕಾಲೇಜಿನಿಂದ ಬರುವಾಗ ಹೊಸ ಥರ್ಮೋಸ್ಟಾಟ್, ಅದರ ಅಂಚು ಸೋರದಂತೆ ಕೂರಿಸುವ ಗ್ಯಾಸ್ಕೆಟ್, ರೇಡಿಯೇಟರಿಗೆ ತುಂಬುವ ಕೂಲೆಂಟ್ ಕೊಂಡೆ. ಯಾವ ಮೆಕ್ಯಾನಿಕ್ ಕಳಿಸಿದ್ದು ಎಂದು ಅಂಗಡಿಯವನು ಕೇಳಿದ. ನಾನೇ ಮೆಕ್ಯಾನಿಕ್ ಎಂದೆ. ಅವನು ಬಿಲ್ಲು ಬರೆದ.

ಭಾನುವಾರ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಬಟ್ಟೆ ನೆನೆಸುವ ಟಬ್ಬು ಕೆಳಗಿಟ್ಟು ಹಳೆಯ ಕೂಲೆಂಟ್ ಇಳಿಸಿದೆ. ಪೈಪಿನ ಕ್ಲಿಪ್ಪು ಸಡಿಲಿಸಿದೆ. ಥರ್ಮೋಸ್ಟಾಟ್ ಕೂತ ಗೂಡಿಗೆ ಎರಡೇ ಬೋಲ್ಟು. ಒಂದು ಸಲೀಸಾಗಿ ಬಂತು, ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಜೋರು ಮಾಡಿದರೆ ತುಂಡಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮೇಲೆ ಹೋಗಿ ಚಹಾ ಕುಡಿದು ಬಂದೆ. ಈ ಸಲ ಬೋಲ್ಟಿಗೆ ಪಾನಾ ಹಾಕಿ ತಿರುಗಿಸಿದಾಗ ಕಿರ್ರೆಂದು ಬಿಟ್ಟುಕೊಟ್ಟಿತು.

ಹಳೆಯದನ್ನೂ ಹೊಸದನ್ನೂ ಅಡಿಗೆಮನೆಗೆ ಒಯ್ದೆ. ಕುದಿಯುವ ನೀರಿಗೆ ಹಾಕಿ ನೋಡಬೇಕಿತ್ತು. ಅತ್ತೆ ವಾಕರ್ ಹಿಡಿದು ಬಂದು, ಹಾಲಿನ ಪಾತ್ರೆ ಮುಟ್ಟಬೇಡ ಎಂದು ಹೇಳಿ, ತಾವು ಮರುವಾಯಿ ಬೇಯಿಸುವ ಹಳೆ ಪಾತ್ರೆ ತೋರಿಸಿದರು. ನಮ್ಮ ಕಡೆ ಚಿಪ್ಪುಮೀನಿಗೆ ಮರುವಾಯಿ ಅನ್ನುತ್ತಾರೆ. ನೀರು ಕುದಿಯತೊಡಗಿತು. ಹೊಸದು ಮೆಲ್ಲಗೆ ತೆರೆದುಕೊಂಡಿತು. ಹಳೆಯದು ಎಷ್ಟು ಹೊತ್ತಾದರೂ ಮುಚ್ಚಿಯೇ ಇತ್ತು.

"ಬೆಂದ ಮೇಲೂ ಬಾಯಿ ಬಿಡದ ಮರುವಾಯಿ ಸತ್ತದ್ದು ಮಾರಾಯ್ತಿ," ಎಂದರು ಅತ್ತೆ. "ಬಿಸಾಡು ಅದನ್ನು."

ಎದೆಯೊಳಗೆ ಎಷ್ಟು ಹಗುರಾಯಿತೆಂದರೆ, ಅಲ್ಲೇ ಒಲೆಯ ಎದುರು ಕೂಗಿಬಿಡೋಣ ಅನಿಸಿತು. ಇಂಜಿನ್ ಕೆಟ್ಟಿಲ್ಲ ಎಂಬ ಖುಷಿಗಿಂತ ನಾನು ಹೇಳಿದ್ದೇ ಸರಿ ಎಂಬ ಖುಷಿ ದೊಡ್ಡದಿತ್ತು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಹೊಸದನ್ನು, ಸ್ಪ್ರಿಂಗ್ ಇಂಜಿನ್ ಕಡೆಗೆ ಬರುವಂತೆ, ಕೂರಿಸುತ್ತಿರುವಾಗ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಬಂದರು. "ಮ್ಯಾಡಮ್, ಯೇ ಗ್ಯಾರೇಜ್ ನಹೀ ಹೈ," ಎಂದರು. ಮೂರನೆಯ ಮಹಡಿಯವರು ಪ್ರತಿ ವಾರ ಇಲ್ಲೇ ಬೈಕು ಬಿಚ್ಚುತ್ತಾರಲ್ಲ, ಅವರಿಗೂ ಹೇಳಿದ್ದೀರಾ ಎಂದು ಕೇಳಿದೆ. ಅದು ಬೇರೆ ವಿಷಯ ಎಂದರು. ಯಾವ ರೀತಿ ಬೇರೆ, ಬರೆದು ಕೊಡಿ ಎಂದು ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದೆ. ಸ್ವಲ್ಪ ಹೊತ್ತು ಅವರ ಚಪ್ಪಲಿ ಕಾಣುತ್ತಿತ್ತು, ಆಮೇಲೆ ಇಲ್ಲ.

ಕೂಲೆಂಟ್ ತುಂಬಿ ಇಂಜಿನ್ ಶುರು ಮಾಡಿದೆ. ಐದು ನಿಮಿಷಕ್ಕೆ ಗೂಡಿನ ಅಂಚಿನಿಂದ ಹನಿ ಇಳಿಯತೊಡಗಿತು. ತಪ್ಪು ನನ್ನದೇ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಪೂರ್ತಿ ಕೆರೆದಿರಲಿಲ್ಲ. ಬಾಲ್ಕನಿಯಿಂದ ಗಂಡ ನೋಡುತ್ತಿದ್ದರು. ಇಂಜಿನ್ ಆರಲು ಬಿಟ್ಟು, ಮಧ್ಯಾಹ್ನ ಊಟ ಮಾಡಿ ಬಂದು, ಎಲ್ಲವನ್ನೂ ಮತ್ತೆ ಬಿಚ್ಚಿದೆ. ಅಂಚನ್ನು ಬೆರಳಿಗೆ ಒಂದು ಕಣವೂ ಸಿಗದಷ್ಟು ಉಜ್ಜಿದೆ. ಇನ್ನೊಂದು ಗ್ಯಾಸ್ಕೆಟ್ ತಂದು, ಎರಡೂ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿದೆ. ರೇಡಿಯೇಟರಿನ ಮುಚ್ಚಳ ತೆರೆದಿಟ್ಟೇ ತಣ್ಣನೆಯ ಇಂಜಿನ್ ಶುರು ಮಾಡಿ, ಒಳಗಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುವವರೆಗೆ ಕೂಲೆಂಟ್ ಹಾಕುತ್ತಾ ಹೋದೆ. ಹನಿ ಇಲ್ಲ. ಪೈಪು ಬಿಸಿಯಾಯಿತು. ಮುಳ್ಳು ನಡುವಿಗೆ ಬಂದು ನಿಂತಿತು.

ಮಂಗಳವಾರ ಅತ್ತೆಯನ್ನು ಕೋಪರಿಗೆ ಕರೆದೊಯ್ದೆ. ಅವರು ದಾರಿಯುದ್ದಕ್ಕೂ ಮುಂದೆ ಬಾಗಿ ಗೇಜು ನೋಡುತ್ತಲೇ ಇದ್ದರು. ಎರಡು ದಿನ ಬಿಟ್ಟು ಗ್ಯಾರೇಜಿನವನು, ಕಾರನ್ನು ಮತ್ತೆ ಯಾವಾಗ ತರುತ್ತೀರಿ ಎಂದು ಕೇಳಲು ಗಂಡನಿಗೆ ಫೋನು ಮಾಡಿದಾಗ ಇವರು, ಕಾರು ಅವಳದ್ದು, ಅವಳ ಹತ್ತಿರವೇ ಮಾತಾಡಿ ಎಂದು ಫೋನನ್ನು ನನಗೆ ಚಾಚಿದರು. ಅವನೇ ಕಟ್ ಮಾಡಿದ.

ಆ ವಾರದ ಕೊನೆಗೆ ಸೊಸೈಟಿಯ ನೋಟಿಸು ಬಂತು. ಪಾರ್ಕಿಂಗಿನಲ್ಲಿ ವಾಹನ ರಿಪೇರಿಗೆ ಕಮಿಟಿಯ ಅನುಮತಿ ಬೇಕು ಎಂದಿತ್ತು. ನನ್ನೊಬ್ಬಳ ಹೆಸರಿಗೇ ಬಂದಿತ್ತು. ಅದರ ಕೆಳಗೇ ಉತ್ತರ ಬರೆದು ಸೆಕ್ರೆಟರಿಯ ಕೈಗೆ ಕೊಟ್ಟೆ: ಬರುವ ಭಾನುವಾರ ಒಂಬತ್ತರಿಂದ ಹನ್ನೊಂದರವರೆಗೆ ಸ್ಪಾರ್ಕ್ ಪ್ಲಗ್ ಬದಲಿಸುವವಳಿದ್ದೇನೆ, ಇದು ತಿಳುವಳಿಕೆಗಾಗಿ, ಅನುಮತಿಗಾಗಿ ಅಲ್ಲ.