ಗೇಟಿನ ಬಳಿಯ ಪ್ರೆಸ್

ತಮಿಳು ಸೀಮೆಯ ಪೋರೂರಿನ ಹತ್ತಿರ ಮುಚ್ಚಿಹೋದ ಕಾರ್ಖಾನೆಯೊಂದರ ಜಾಗದಲ್ಲಿ ಸಾರ್ವಜನಿಕ ಪಾರ್ಕ್ ಮಾಡುವ ವಿನ್ಯಾಸ ನನ್ನ ಪಾಲಿಗೆ ಬಂದಿತ್ತು. ತಗಡು ಒತ್ತುವ ಹಳೆಯ ಪ್ರೆಸ್ ಯಂತ್ರವನ್ನು ಗುಜರಿಗೆ ಹಾಕದೆ, ಮಕ್ಕಳು ಹತ್ತಿ ಆಡಲೆಂದು ಗೇಟಿನ ಬಳಿ ಇಡಿಸುತ್ತಿದ್ದೆ. ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿಸಿರಬೇಕು, ಬೇಲಿಯಾಚೆ ನಿಂತಿದ್ದ ಹಿರಿಯರೊಬ್ಬರು, "ಕನ್ನಡವಾಮ್ಮಾ? ನಮ್ಮ ಮನೇಲೂ ಅದೇ" ಎನ್ನುತ್ತ ಒಳಗೆ ಬಂದರು. ಆ ಕಾರ್ಖಾನೆಯಲ್ಲೇ ದುಡಿದವರಂತೆ. ಎಡಗೈ ಎತ್ತಿ ತೋರಿಸಿದರು. ಎರಡು ಬೆರಳಿರಲಿಲ್ಲ.

"ಈ ಪ್ರೆಸ್ಸಿಗೇ ಹೋಯಿತು."

"ಇದನ್ನ ತೆಗೆಸಿಬಿಡ್ತೀನಿ ಸಾರ್" ಎಂದೆ.

"ತೆಗೀಬೇಡಿ. ಇಲ್ಲಿ ಏನಿತ್ತು ಅಂತ ನಾಳೆ ಯಾರಿಗೆ ಗೊತ್ತಾಗತ್ತೆ? ಮಕ್ಕಳನ್ನ ಮಾತ್ರ ಹತ್ತಿಸಬೇಡಿ."

ಪ್ರೆಸ್ಸಿನ ಸುತ್ತ ಕಂಬಿ ಹಾಕಿಸಿ, ಆಟದ ಜಾಗವನ್ನು ಆಚೆ ತುದಿಗೆ ಸರಿಸಿದೆ. ಅವರು ಬಂದು ಕೂತು ನೋಡಲಿ ಎಂದು ಎದುರಿಗೊಂದು ಬೆಂಚನ್ನೂ ಹಾಕಿಸಿದೆ. ಪಾರ್ಕ್ ತೆರೆದ ಮೇಲೆ ಒಂದು ಸಂಜೆ ಹೋದಾಗ ಅವರು ಆ ಬೆಂಚಿನಲ್ಲೇ ಕೂತಿದ್ದರು, ಆದರೆ ಪ್ರೆಸ್ಸಿಗೆ ಬೆನ್ನು ಹಾಕಿ. ಒರಗಲು ಆಸರೆಯಿಲ್ಲದ, ಎತ್ತ ಬೇಕಾದರೂ ತಿರುಗಿ ಕೂರಬಹುದಾದ ಬೆಂಚು ಆರಿಸಿದ್ದೇ ಆ ವಿನ್ಯಾಸದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅನ್ನಿಸಿತು.